ಸಿಯೋಲ್‌ನ ಬುನ್ಶಿಕ್ ಅಂಗಡಿಗಳಲ್ಲಿ ಚಿಕ್ಕಮ್ಮನ ಜೊತೆ ಹತ್ತು ದಿನ

ಸಿಯೋಲ್‌ಗೆ ಹೋದ ಎರಡನೇ ದಿನವೇ ಒಂದು ಎಡವಟ್ಟು ಮಾಡಿಕೊಂಡೆ. ಓಣಿಯೊಳಗಿನ ಪುಟ್ಟ ಹೋಟೆಲ್, ನಾಲ್ಕೇ ಟೇಬಲ್. ಗೋಡೆ ತುಂಬ ಕೊರಿಯನ್ ಅಕ್ಷರದ ಮೆನು, ಕೆಳಗೆ ಸಣ್ಣದಾಗಿ ಇಂಗ್ಲಿಷ್. ಅದರಲ್ಲೊಂದು ಹೆಸರನ್ನು ನಾನು 'ಸಂಡೇ' ಅಂತ ಓದಿಕೊಂಡೆ. ಐಸ್‌ಕ್ರೀಮ್ ಇದೆ ಅಂತ ಚಿಕ್ಕಮ್ಮನಿಗೆ ಹೇಳಿಯೂಬಿಟ್ಟೆ. ಬಂದದ್ದು ತಟ್ಟೆ ತುಂಬ ಕಪ್ಪು ಬಿಲ್ಲೆಗಳು, ಹಬೆಯಾಡುತ್ತಿದ್ದವು.

"ಇದೇನೋ ಇದು, ಚಾಕೊಲೇಟಾ?" ಅಂದರು ಚಿಕ್ಕಮ್ಮ.

ಅದರ ಹೆಸರು ಸುಂದೆ. ಇಂಗ್ಲಿಷಿನಲ್ಲಿ ಬರೆದಾಗ ಎರಡಕ್ಕೂ ಒಂದೇ ಸ್ಪೆಲಿಂಗ್. ಹಂದಿಯ ಕರುಳಿನೊಳಗೆ ಹಂದಿಯ ರಕ್ತ ಮತ್ತು ಗಾಜಿನಂತೆ ಹೊಳೆಯುವ ಶಾವಿಗೆ ತುಂಬಿ ಬೇಯಿಸಿರುತ್ತಾರೆ. ಸಿಯೋಲ್‌ನಲ್ಲಿ ಅದನ್ನು ಖಾರದ ಉಪ್ಪಿಗೆ ಅದ್ದಿಕೊಂಡು ತಿನ್ನುತ್ತಾರೆ. ನಮ್ಮ ಚಿಕ್ಕಮ್ಮ ಸಾಗರದವರು, ಮೊಟ್ಟೆ ಕೂಡ ಮುಟ್ಟದವರು. ನಾನು ಹೊರಗೆ ಎಲ್ಲ ತಿನ್ನುತ್ತೇನೆ. ಮನೆಯಲ್ಲಿ ಗೊತ್ತು, ಯಾರೂ ಕೇಳುವುದಿಲ್ಲ. ಹಾಗಾಗಿ ಅವರು ಕಿಟಕಿಯ ಕಡೆ ಮುಖ ಮಾಡಿ ಕೂತರು, ನಾನು ತಟ್ಟೆ ಖಾಲಿ ಮಾಡಿದೆ. ಚೆನ್ನಾಗಿಯೇ ಇತ್ತು, ಆದರೆ ಆಗ ಹಾಗೆ ಹೇಳುವ ಧೈರ್ಯ ಬರಲಿಲ್ಲ.

ಚಿಕ್ಕಮ್ಮನ ಮಗಳು ಅಲ್ಲಿ ಕೆಲಸದಲ್ಲಿದ್ದಾಳೆ. ನವೆಂಬರ್‌ನಲ್ಲಿ ಹತ್ತು ದಿನ ಅವಳ ಮನೆಯಲ್ಲಿದ್ದೆವು. ಅವಳು ಆಫೀಸಿಗೆ ಹೋದಮೇಲೆ ಊರು ಸುತ್ತುವುದು ನಮ್ಮಿಬ್ಬರದೇ ಕೆಲಸ. ಮನೆಯ ಹಿರಿಯರನ್ನು, ಅದರಲ್ಲೂ ಸಸ್ಯಾಹಾರಿಗಳನ್ನು ಕರೆದುಕೊಂಡು ಹೋಗುವವರಿಗೆ ಇದು ಉಪಯೋಗಕ್ಕೆ ಬರಬಹುದು ಅಂತ ಬರೆಯುತ್ತಿದ್ದೇನೆ.

ಅಂಥ ಪುಟ್ಟ ಹೋಟೆಲುಗಳಿಗೆ ಅಲ್ಲಿ ಬುನ್ಶಿಕ್ ಅಂಗಡಿ ಎನ್ನುತ್ತಾರೆ. ಬುನ್ಶಿಕ್ ಅಂದರೆ ಹಿಟ್ಟಿನ ತಿಂಡಿ. 1960-70ರ ದಶಕಗಳಲ್ಲಿ ಕೊರಿಯಾದಲ್ಲಿ ಅಕ್ಕಿಗೆ ಅಭಾವ ಇತ್ತು. ಅಮೆರಿಕದಿಂದ ಗೋಧಿ ಬರುತ್ತಿತ್ತು. ಅನ್ನ ಕಡಿಮೆ ಮಾಡಿ, ಹಿಟ್ಟಿನ ಪದಾರ್ಥ ತಿನ್ನಿ ಅಂತ ಸರ್ಕಾರವೇ ಜನರಿಗೆ ಹೇಳಿತ್ತು. ಈಗ ಅಂಥ ಅಭಾವ ಇಲ್ಲ, ಹೆಸರು ಮಾತ್ರ ಉಳಿದಿದೆ. ಶಾಲೆ ಬಿಟ್ಟ ಮಕ್ಕಳು, ಆಫೀಸಿನವರು, ಟ್ಯಾಕ್ಸಿ ಓಡಿಸುವವರು ಎಲ್ಲರೂ ಬರುತ್ತಾರೆ. ನಮ್ಮ ದರ್ಶಿನಿ ಇದ್ದ ಹಾಗೆ: ಬೇಗ ಬರುತ್ತದೆ, ಬೇಗ ತಿಂದು ಏಳಬೇಕು. ಕಿಂಬಾಪ್, ಅಂದರೆ ಅನ್ನ, ತರಕಾರಿ ಎಲ್ಲ ಇಟ್ಟು ಹಾಳೆಯಲ್ಲಿ ಸುತ್ತಿದ್ದು, ಒಂದು ಸುರುಳಿಗೆ 4,000 ವೊನ್ ಆಸುಪಾಸು ಕೊಟ್ಟೆವು. 1,000 ವೊನ್ ಅಂದರೆ 60 ರೂಪಾಯಿಯ ಸುತ್ತಮುತ್ತ ಅಂತ ಲೆಕ್ಕ ಇಟ್ಟುಕೊಂಡಿದ್ದೆ.

ಒಳಗೆ ಹೋಗಿ ಕೂತರೆ ಯಾರೂ ನೀರು ತಂದಿಡುವುದಿಲ್ಲ. ಮೊದಲ ದಿನ ನಾವು ಸುಮ್ನೆ ಕಾಯುತ್ತಾ ಕೂತಿದ್ದೆವು. ನೀರಿನ ಯಂತ್ರ ಮೂಲೆಯಲ್ಲಿರುತ್ತದೆ, ಲೋಟ ಪಕ್ಕದಲ್ಲೇ, ನಾವೇ ಹಿಡಿದುಕೊಂಡು ಬರಬೇಕು. ಚಮಚ, ಚಾಪ್‌ಸ್ಟಿಕ್ ಕಾಣದಿದ್ದರೆ ಟೇಬಲಿನ ಪಕ್ಕಕ್ಕೆ ಕೈ ಹಾಕಿ ನೋಡಿ, ಡ್ರಾಯರ್ ಇರುತ್ತದೆ. ಚಾಪ್‌ಸ್ಟಿಕ್ ಸ್ಟೀಲಿನದು, ಚಪ್ಪಟೆ, ಜಾರುತ್ತದೆ. ಅದರಲ್ಲಿ ತಿನ್ನಲು ಬರದಿದ್ದರೆ ನಾಚಿಕೆ ಬೇಡ. ಕೊರಿಯಾದವರೂ ಅನ್ನ, ಸಾರಿಗೆ ಚಮಚವನ್ನೇ ಬಳಸುತ್ತಾರೆ. ಟಿಪ್ಸ್ ಕೊಡುವ ಪದ್ಧತಿ ಇಲ್ಲ. ಹಳದಿ ಮೂಲಂಗಿಯ ಉಪ್ಪಿನಕಾಯಿ, ಅಂದರೆ ದನ್‌ಮುಜಿ, ಬಿಟ್ಟಿ. ಮತ್ತೆ ಕೇಳಿದರೂ ಕೊಡುತ್ತಾರೆ. ಚಿಕ್ಕಮ್ಮನಿಗೆ ಅದು ಎಷ್ಟು ಹಿಡಿಸಿತು ಅಂದರೆ ಊಟಕ್ಕಿಂತ ಅದೇ ಜಾಸ್ತಿ ಆಗುತ್ತಿತ್ತು.

ಈಗ ಮುಖ್ಯ ವಿಷಯ. ಬುನ್ಶಿಕ್ ಅಂಗಡಿಯಲ್ಲಿ ಕಣ್ಣಿಗೆ ಸಸ್ಯಾಹಾರದಂತೆ ಕಾಣುವುದನ್ನು ನಂಬಬೇಡಿ. ಮಾಂಸ ಕಾಣುತ್ತದೆ, ಬಿಡಬಹುದು. ಮೀನು ಕಾಣುವುದೇ ಇಲ್ಲ. ತೊಕ್‌ಬೊಕ್ಕಿಯನ್ನೇ ನೋಡಿ. ಬೆರಳುದ್ದದ ಅಕ್ಕಿ ಹಿಟ್ಟಿನ ತುಂಡುಗಳು, ಕೆಂಪು ಗೊಜ್ಜು, ಅಷ್ಟೇ ಅನಿಸುತ್ತದೆ. ಆದರೆ ಆ ಗೊಜ್ಜಿಗೆ ಹಾಕುವ ನೀರು ಸಾಮಾನ್ಯವಾಗಿ ಒಣ ಬೂತಾಯಿಯಂಥ ಸಣ್ಣ ಮೀನನ್ನು ಕುದಿಸಿ ತೆಗೆದದ್ದು. ಜೊತೆಗೆ ತೆಳ್ಳಗೆ, ಪನೀರ್ ಹಾಳೆಯಂತೆ ತೇಲುವುದು ಓಮುಕ್, ಅದು ಮೀನನ್ನೇ ಅರೆದು ಮಾಡಿದ್ದು. ಅದೇ ಓಮುಕ್ ಕಡ್ಡಿಗೆ ಚುಚ್ಚಿಕೊಂಡು ದೊಡ್ಡ ಪಾತ್ರೆಯಲ್ಲಿ ಕುದಿಯುತ್ತಿರುತ್ತದೆ. ಅದರ ತಿಳಿಸಾರನ್ನು ಕಾಗದದ ಲೋಟದಲ್ಲಿ ಪ್ರೀತಿಯಿಂದ ಕೊಡುತ್ತಾರೆ. ಚಳಿಯಲ್ಲಿ ಅದಕ್ಕಿಂತ ಸುಖ ಇಲ್ಲ, ಆದರೆ ಸಸ್ಯಾಹಾರಿಗಳಿಗೆ ಅಲ್ಲ. ಕಿಂಬಾಪ್ ಜೊತೆ ಬರುವ ಬಟ್ಟಲು ಸಾರಿನಲ್ಲೂ ಮೀನಿರಬಹುದು. ಕಿಮ್ಚಿ, ಅಂದರೆ ಅವರ ಖಾರದ ಎಲೆಕೋಸಿನ ಉಪ್ಪಿನಕಾಯಿ, ಅದಕ್ಕೂ ಹೆಚ್ಚಾಗಿ ಸಿಗಡಿಯ ಉಪ್ಪಿನಕಾಯಿಯನ್ನೋ ಮೀನಿನ ರಸವನ್ನೋ ಬೆರೆಸಿರುತ್ತಾರೆ.

'ಗೋಗಿ ಆನ್ ಮೊಗೊಯೊ' ಅಂದರೆ ಮಾಂಸ ತಿನ್ನುವುದಿಲ್ಲ ಅಂತ. ಇದನ್ನು ಹೇಳಿ ಸಮಾಧಾನ ಮಾಡಿಕೊಂಡರೆ ಕೆಟ್ಟಿರಿ. ಗೋಗಿ ಅಂದರೆ ಅವರಿಗೆ ದನ, ಹಂದಿ, ಕೋಳಿ. ಮೀನು ಬೇಡ ಅಂತ ಬೇರೆಯಾಗಿಯೇ ಹೇಳಬೇಕು. ನಮ್ಮ ತಂಗಿ ಒಂದು ಚೀಟಿಯಲ್ಲಿ ಕೊರಿಯನ್‌ನಲ್ಲಿ ಎಲ್ಲ ಬರೆದುಕೊಟ್ಟಳು: ಮಾಂಸ, ಮೀನು, ಸಿಗಡಿ, ಮೊಟ್ಟೆ, ಮೀನಿನ ಸಾರು, ಇದ್ಯಾವುದೂ ಬೇಡ. ಆ ಚೀಟಿ ಹತ್ತು ದಿನ ಚಿಕ್ಕಮ್ಮನ ಬ್ಯಾಗಿನಲ್ಲೇ ಇತ್ತು, ಪಾಸ್‌ಪೋರ್ಟ್ ಜೊತೆ. ಬರೆದುಕೊಡುವವರು ಇಲ್ಲದಿದ್ದರೆ ಪಾಪಾಗೊ ಅನ್ನುವ ಅನುವಾದದ ಆ್ಯಪ್ ಹಾಕಿಕೊಳ್ಳಿ.

ಆ ಚೀಟಿ ಹಿಡಿದರೆ ಕಿಂಬಾಪ್ ಸುಲಭ. ಒಂದೊಂದನ್ನೇ ಎದುರಿಗೇ ಸುತ್ತುತ್ತಾರೆ, ಹಾಗಾಗಿ ಬೇಡದ್ದನ್ನು ಬಿಡಿಸಬಹುದು. 'ಪೆ ಜುಸೆಯೊ' ಅಂದರೆ ತೆಗೆದುಬಿಡಿ ಅಂತ. ಹ್ಯಾಮ್, ಮೊಟ್ಟೆ, ಓಮುಕ್, ಏಡಿಯಂತೆ ಕಾಣುವ ಕೆಂಪು-ಬಿಳಿ ಕಡ್ಡಿ, ಈ ನಾಲ್ಕನ್ನು ತೋರಿಸಿ ಆ ಮಾತು ಹೇಳಿದರೆ ಸಾಕು. ಕ್ಯಾರೆಟ್, ಪಾಲಕ್, ದನ್‌ಮುಜಿ, ಎಳ್ಳೆಣ್ಣೆ ಕಲಸಿದ ಅನ್ನ ಉಳಿಯುತ್ತದೆ. ಹೊರಗಿನ ಕಪ್ಪು ಹಾಳೆ ಏನು ಅಂತ ಚಿಕ್ಕಮ್ಮ ಕೇಳಿದರು. ಸಮುದ್ರದ ಸೊಪ್ಪು ಅಂದೆ. ಸ್ವಲ್ಪ ಹೊತ್ತು ಮೂಸಿ ನೋಡಿ, "ಸೊಪ್ಪು ತಾನೆ?" ಅಂತ ಬಾಯಿಗೆ ಹಾಕಿಕೊಂಡರು.

ಅಂಗಡಿಯವರನ್ನು ಕರೆಯಲು 'ಯೊಗಿಯೊ' ಅನ್ನಬಹುದು, ಅಂದರೆ 'ಇಲ್ಲಿ' ಅಂತ. ಹೋಟೆಲ್ ನಡೆಸುವ ಹೆಂಗಸರನ್ನು ಅನೇಕರು 'ಇಮೊ' ಎನ್ನುತ್ತಾರೆ. ಇಮೊ ಅಂದರೆ ಅಮ್ಮನ ಅಕ್ಕ ಅಥವಾ ತಂಗಿ. ಇದು ಗೊತ್ತಾದದ್ದೇ ತಡ, ಅರವತ್ತಮೂರರ ಚಿಕ್ಕಮ್ಮ ತಮಗಿಂತ ಹತ್ತು ವರ್ಷ ಸಣ್ಣವರಾದ ಅಂಗಡಿಯಾಕೆಯನ್ನು "ಇಮೋ!" ಅಂತ ಕೂಗಿದರು. ಆಕೆ ನಕ್ಕರು. ತಂಗಿ ನನ್ನನ್ನು ತೋರಿಸಿ, ಇವನ ಇಮೊ ಇವರೇ ಅಂತ ವಿವರಿಸಿದಳು. ಅವತ್ತು ದನ್‌ಮುಜಿ ಎರಡು ಬಟ್ಟಲು ಬಂತು. ಹೇಗೆ ಕರೆಯಬೇಕೋ ಗೊತ್ತಾಗದಿದ್ದರೆ 'ಸಾಜಂಗ್‌ನಿಮ್' ಅನ್ನಿ, ಮಾಲೀಕರೇ ಅಂತ, ಗಂಡಸರಿಗೂ ಹೆಂಗಸರಿಗೂ ನಡೆಯುತ್ತದೆ.

ಗ್ವಾಂಗ್‌ಜಾಂಗ್ ಮಾರ್ಕೆಟ್‌ಗೆ ಹೋಗದೆ ಬರಬೇಡಿ. 1905ರಲ್ಲಿ ಶುರುವಾದದ್ದು. ಮೆಟ್ರೋ 1ನೇ ಲೈನಿನ ಜೊಂಗ್ನೊ 5-ಗಾ ಸ್ಟೇಷನ್‌ನಲ್ಲಿ ಇಳಿದರೆ ಹತ್ತಿರ. ಬಟ್ಟೆ ಅಂಗಡಿಗಳ ನಡುವೆ ತಿಂಡಿಯ ಸಾಲುಗಳು. ಅಲ್ಲಿ ಬೀಸುವ ಕಲ್ಲಿಗೆ ಮೋಟಾರು ಕಟ್ಟಿ ನೆನೆಸಿದ ಹೆಸರುಬೇಳೆ ರುಬ್ಬುತ್ತಾರೆ. ಆ ಹಿಟ್ಟನ್ನು ದಪ್ಪಗೆ ಹುಯ್ದು, ಎಣ್ಣೆಯಲ್ಲಿ ಮುಳುಗಿಸಿದಂತೆ ಕರಿಯುತ್ತಾರೆ. ಹೆಸರು ಬಿಂದೆತ್ತೊಕ್. ಚಿಕ್ಕಮ್ಮ ಆ ಕಲ್ಲಿನ ಮುಂದೆ ಹತ್ತು ನಿಮಿಷ ನಿಂತರು. "ಹಿಟ್ಟು ಇನ್ನೊಂದು ಸುತ್ತು ನುಣ್ಣಗಾಗಬೇಕಿತ್ತು" ಅಂತ ತೀರ್ಪೂ ಕೊಟ್ಟರು. ತಿನ್ನಲು ಮಾತ್ರ ಆಗಲಿಲ್ಲ. ಕೆಲವರು ಹಂದಿ ಮಾಂಸ ಸೇರಿಸುತ್ತಾರೆ, ಕೆಲವರು ಕಿಮ್ಚಿ, ಕಾವಲಿ ಎಲ್ಲಕ್ಕೂ ಒಂದೇ. ನಾನು ಅವರ ಪಾಲನ್ನೂ ತಿಂದೆ. ಹೊರಗೆ ಗರಿಗರಿ, ಒಳಗೆ ಮೆತ್ತಗೆ, ಜೊತೆಗೆ ಸೋಯಾ ರಸದಲ್ಲಿ ನೆನೆಸಿದ ಈರುಳ್ಳಿ. ಅವರಿಗೆ ಸಿಕ್ಕಿದ್ದು ಬೆರಳಿನಷ್ಟು ಸಣ್ಣ ಕಿಂಬಾಪ್, ಒಳಗೆ ಬರೀ ಕ್ಯಾರೆಟ್ ಮತ್ತು ದನ್‌ಮುಜಿ, ಅದ್ದಿಕೊಳ್ಳಲು ಸಾಸಿವೆ. ಇಲ್ಲಿ ಕೂರುವ ಮೊದಲು ಬೆಲೆ, ತಟ್ಟೆಯ ಅಳತೆ ಕೇಳಿಕೊಳ್ಳಿ. ಕೈಯಲ್ಲಿ ನಗದು ಇರಲಿ. ಚಳಿಗಾಲದಲ್ಲಿ ಕೆಲವು ಬೆಂಚುಗಳು ಕರೆಂಟಿನಲ್ಲಿ ಬೆಚ್ಚಗಿರುತ್ತವೆ. ಅದರ ಮೇಲೆ ಕೂತ ಚಿಕ್ಕಮ್ಮ ಏಳಲು ಒಪ್ಪಲಿಲ್ಲ.

ಸಿಂದಾಂಗ್‌ಗೆ ಅವರನ್ನು ಕರೆದುಕೊಂಡು ಹೋಗಲಿಲ್ಲ. ಅವರು ಮನೆಯಲ್ಲಿ ಮೊಸರನ್ನ ಮಾಡಿಕೊಂಡರು, ನಾನು ತಂಗಿ ಇಬ್ಬರೇ ಹೊರಟೆವು. 2 ಮತ್ತು 6ನೇ ಲೈನ್ ಸೇರುವ ಸಿಂದಾಂಗ್ ಸ್ಟೇಷನ್‌ನಲ್ಲಿ 8ನೇ ಗೇಟಿನಿಂದ ಹೊರಬಂದರೆ ತೊಕ್‌ಬೊಕ್ಕಿ ಅಂಗಡಿಗಳದೇ ಒಂದು ಬೀದಿ. ಹಿಂದೆ ತೊಕ್‌ಬೊಕ್ಕಿ ಅರಮನೆಯ ಅಡುಗೆ, ಸೋಯಾ ಸಾಸಿನದು, ಖಾರ ಇರಲಿಲ್ಲ. ಮಾ ಬೊಕ್-ರಿಮ್ ಎಂಬಾಕೆ 1953ರಲ್ಲಿ ಇಲ್ಲಿ ಅದಕ್ಕೆ ಗೊಚುಜಾಂಗ್, ಅಂದರೆ ಹುದುಗಿಸಿದ ಕೆಂಪು ಮೆಣಸಿನ ಗೊಜ್ಜು, ಹಾಕಿ ಮಾರಲು ಶುರುಮಾಡಿದರು ಎನ್ನುತ್ತಾರೆ. ಚೀನೀ ಹೋಟೆಲೊಂದರಲ್ಲಿ ಅಕ್ಕಿ ತುಂಡು ಕೈಜಾರಿ ನೂಡಲ್ಸಿನ ಕಪ್ಪು ಗೊಜ್ಜಿಗೆ ಬಿತ್ತಂತೆ, ತಿಂದು ನೋಡಿದರೆ ರುಚಿಯಾಗಿತ್ತಂತೆ. ಇಂಥ ಕಥೆಗಳು ಎಲ್ಲ ಊರಿನ ಹಳೇ ಹೋಟೆಲಿಗೂ ಇರುತ್ತವೆ ಅಲ್ವಾ, ಆದರೂ ಕೇಳಲು ಚೆಂದ.

ಇಲ್ಲಿ ಬೇಯಿಸುವುದು ನಮ್ಮ ಟೇಬಲ್ ಮೇಲೇ. ಅಗಲವಾದ ಪಾತ್ರೆಯಲ್ಲಿ ಅಕ್ಕಿ ತುಂಡು, ಎಲೆಕೋಸು, ಬೇಯಿಸಿದ ಮೊಟ್ಟೆ, ಓಮುಕ್, ಕರಿದ ಮಾಂಡು (ಹೂರಣ ತುಂಬಿದ ಕಡುಬಿನಂಥದ್ದು), ನೂಡಲ್ಸ್ ಎಲ್ಲ ಜೋಡಿಸಿ ಒಲೆ ಹಚ್ಚಿ ಹೋಗುತ್ತಾರೆ. ಮೊದಲು ನೂಡಲ್ಸ್ ತಿನ್ನಿ, ಬಿಟ್ಟರೆ ಉಬ್ಬಿ ಗಂಜಿಯಾಗುತ್ತದೆ. ಅಕ್ಕಿ ತುಂಡಿಗೆ ಅವಸರ ಬೇಡ. ಗೊಜ್ಜು ಗಟ್ಟಿಯಾಗಿ ಅದಕ್ಕೆ ಹತ್ತಿಕೊಳ್ಳಬೇಕು. ಒತ್ತುಶಾವಿಗೆಗೆ ಬೇಯಿಸಿದ ಹಿಟ್ಟಿನ ಉಂಡೆಯನ್ನು ಬಿಸಿಬಿಸಿ ಕಚ್ಚಿದವರಿಗೆ ಆ ಜಿಗುಟು ಹೊಸದಲ್ಲ, ಇದು ಇನ್ನೂ ಸ್ವಲ್ಪ ಎಳೆಯುತ್ತದೆ. ಬಣ್ಣ ಬ್ಯಾಡಗಿಯದು. ನಾಲಿಗೆಗೆ ಮೊದಲು ಸಿಹಿ, ಖಾರ ಹಿಂದಿನಿಂದ ಬರುತ್ತದೆ. ನಾವು ಕರ್ನಾಟಕದವರು, ಖಾರ ಏನು ಮಹಾ ಅಂತ ನಾನೂ ಅಂದುಕೊಂಡಿದ್ದೆ. ಅರ್ಧಕ್ಕೆ ಬರುವಾಗ ಪೀಚ್ ರುಚಿಯ ತಂಪು ಪಾನೀಯ ತರಿಸಬೇಕಾಯಿತು. ಖಾರ ಕಡಿಮೆ ಬೇಕಿದ್ದರೆ 'ದೊಲ್ ಮೆಪ್ಕೆ' ಅನ್ನಿ. ಕೊನೆಗೆ ತಳದಲ್ಲಿ ಉಳಿದ ಗೊಜ್ಜಿಗೆ ಅನ್ನ ಹಾಕಿ ಹುರಿದುಕೊಡುತ್ತಾರೆ, ಅದಕ್ಕೆ ಹೊಟ್ಟೆಯಲ್ಲಿ ಜಾಗ ಇಟ್ಟುಕೊಳ್ಳಿ. ತಳ ಸೀಯುವ ತನಕ ಬಿಟ್ಟು ಕೆರೆದು ತಿನ್ನುವುದೇ ಅದರ ಮಜಾ. ಒಬ್ಬರೇ ಹೋದರೆ ಕಷ್ಟ, ಅಳತೆ ಇಬ್ಬರಿಗೆ ಅಂತಲೇ ಶುರುವಾಗುತ್ತದೆ.

ರಸ್ತೆ ಬದಿಯಲ್ಲಿ ಚಿಕ್ಕಮ್ಮನಿಗೆ ಹಸಿವಾದಾಗಲೆಲ್ಲ ಕಾಪಾಡಿದ್ದು ಸುಟ್ಟ ಗೆಣಸು ಮತ್ತು ಹೊತ್ತೊಕ್. ಹೊತ್ತೊಕ್ ಅಂದರೆ ಒಳಗೆ ಸಕ್ಕರೆ, ದಾಲ್ಚಿನ್ನಿ, ಕಡಲೆಬೀಜ ತುಂಬಿ ಎಣ್ಣೆಯಲ್ಲಿ ಒತ್ತಿ ಬೇಯಿಸುವ ರೊಟ್ಟಿ. ಸಕ್ಕರೆ ಕರಗಿ ಪಾಕವಾಗಿರುತ್ತದೆ, ಮೊದಲ ತುತ್ತಿಗೇ ನಾಲಿಗೆ ಸುಡುತ್ತದೆ, ನಿಧಾನ. ಮೀನಿನ ಆಕಾರದ ಬುಂಗೊಪ್ಪಾಂಗ್ ನೋಡಿ ಅವರು ದೂರ ಸರಿದರು. ತಮಾಷೆ ಅಂದರೆ ಅದರಲ್ಲಿ ಮೀನಿಲ್ಲ, ಒಳಗಿರುವುದು ಕೆಂಪು ಅಲಸಂದೆಯಂಥ ಕಾಳಿನ ಹೂರಣ. ಹಿಟ್ಟಿಗೆ ಮೊಟ್ಟೆ ಬೆರೆಸಿರಬಹುದು ಅಂತ ತಂಗಿ ಹೇಳಿದ್ದರಿಂದ ಅದೂ ನನ್ನ ಪಾಲಾಯಿತು. ತಿಂದ ಕಾಗದ, ಕಡ್ಡಿಗಳನ್ನು ಗಾಡಿಯ ಹತ್ತಿರವೇ ಬಿಟ್ಟು ಬನ್ನಿ, ಬೀದಿಯಲ್ಲಿ ಕಸದ ಡಬ್ಬ ಹುಡುಕಿದರೂ ಸಿಗುವುದಿಲ್ಲ.

ದಾರಿಗೆ ಗೂಗಲ್ ಮ್ಯಾಪ್ ಅಲ್ಲಿ ಸರಿಯಾಗಿ ಕೆಲಸ ಮಾಡಲಿಲ್ಲ, ನೇವರ್ ಮ್ಯಾಪ್ ಹಾಕಿಕೊಳ್ಳಿ. ಆರ್ಡರ್ ಯಂತ್ರ ಇರುವ ಕಡೆ ಭಾಷೆ ಬದಲಿಸುವ ಗುಂಡಿ ಹುಡುಕಿ. ನಮ್ಮ ಕಾರ್ಡನ್ನು ಒಂದೆರಡು ಯಂತ್ರ ತೆಗೆದುಕೊಳ್ಳಲಿಲ್ಲ, ಕೌಂಟರಿನಲ್ಲಿ ಕೊಟ್ಟರೆ ಆಯಿತು.

ವಾಪಸ್ ಬರುವಾಗ ಗೊಚುಜಾಂಗ್ ಡಬ್ಬ ತರುವವರು ಚೆಕ್-ಇನ್ ಬ್ಯಾಗಿನಲ್ಲೇ ಹಾಕಿ. ಕೈಚೀಲದಲ್ಲಿದ್ದರೆ ಸೆಕ್ಯುರಿಟಿಯಲ್ಲಿ ಅದನ್ನು ದ್ರವ ಅಂತ ಲೆಕ್ಕ ಹಾಕುತ್ತಾರೆ. ಚಿಕ್ಕಮ್ಮ ಅಂಗಡಿಯಲ್ಲಿ ಡಬ್ಬದ ಹಿಂದಿನದನ್ನೆಲ್ಲ ಪಾಪಾಗೊದಲ್ಲಿ ಓದಿಸಿ, ಮೀನಿಲ್ಲ ಅಂತ ಖಾತ್ರಿ ಮಾಡಿಕೊಂಡು ಒಂದು ಕೊಂಡರು. ಈಗ ಸಾಗರದಲ್ಲಿ ಬೆಳಗ್ಗೆ ನೀರುದೋಸೆಗೆ ಹಚ್ಚಿಕೊಳ್ಳುತ್ತಿದ್ದಾರೆ. ತಳ ಕಾಣುತ್ತಿದೆಯಂತೆ, ಮಗಳಿಗೆ ಮುಂದಿನ ಸಲ ಎರಡು ತಾ ಅಂದಿದ್ದಾರೆ.