ಕಾಪರ್‌ಬ್ಯಾಂಡ್‌ಗೆ ಊಟ ಕಲಿಸುವುದು: ಮರುವಾಯಿಯಿಂದ ಮೈಸಿಸ್‌ವರೆಗೆ

ಶುರು

ಕಾಪರ್‌ಬ್ಯಾಂಡ್ ಬಟರ್‌ಫ್ಲೈ ಎಂಬ ಕಡಲಿನ ಅಕ್ವೇರಿಯಂ ಮೀನನ್ನು ಸಾಕಿದವರಿಗೆಲ್ಲ ಗೊತ್ತಿರುವ ಕಷ್ಟ ಇದು: ಅದು ಊಟ ಮುಟ್ಟುವುದಿಲ್ಲ. ನೀರು ಸರಿ ಇರುತ್ತದೆ, ರೋಗ ಇರುವುದಿಲ್ಲ, ಆದರೂ ಕಣ್ಣೆದುರೇ ಸೊರಗಿ ಸಾಯುತ್ತದೆ. ಕಾಸರಗೋಡು ಜಿಲ್ಲೆಯ ಉಪ್ಪಳದ ನಮ್ಮ ಮನೆಯ 500 ಲೀಟರ್ ಟ್ಯಾಂಕಿಗೆ ಒಂದನ್ನು ತಂದಿದ್ದೇನೆ. ಮಳೆಗಾಲ ಶುರುವಾಗುವುದರೊಳಗೆ ಅದು ಐದಾರು ಬಗೆಯ ಆಹಾರ ತಿನ್ನಬೇಕು, ಇದೇ ಗುರಿ.

ಇದು ನಮ್ಮ ಕಡಲಿನ ಮೀನಲ್ಲ. ಅಂಡಮಾನ್ ಸಮುದ್ರದಿಂದ ಪೂರ್ವಕ್ಕೆ ಜಪಾನಿನ ರ್ಯುಕ್ಯು ದ್ವೀಪಗಳವರೆಗೆ, ಕೆಳಗೆ ಆಸ್ಟ್ರೇಲಿಯಾದವರೆಗೆ ಸಿಗುತ್ತದೆ. ಮೂತಿ ಅಕ್ಕಸಾಲಿಗನ ಚಿಮಟದ ಹಾಗೆ ಉದ್ದ. ಬಂಡೆಯ ಸಂದಿಗೆ ಅದನ್ನು ತೂರಿಸಿ ಸಣ್ಣ ಹುಳುಗಳನ್ನು ಹೆಕ್ಕಿ ತಿನ್ನುವ ಜೀವಿ. ಮೇಲಿನಿಂದ ತೇಲಿ ಬರುವ ತುಣುಕು ಊಟ ಅಂತಲೇ ಅದಕ್ಕೆ ಅನ್ನಿಸುವುದಿಲ್ಲ. ಅಂಗಡಿಯವರು ಕೊಟ್ಟ ಫ್ರೋಜನ್ ಮೈಸಿಸ್ ಸಿಗಡಿ ಮೂತಿಯ ಮುಂದೆಯೇ ತೇಲಿ ಹೋದರೂ ತಿರುಗಿ ನೋಡಲಿಲ್ಲ. ಹಾಗಾಗಿ ಮೊದಲು ಯೋಚಿಸಬೇಕಾದ್ದು ತಟ್ಟೆಯ ಬಗ್ಗೆ.

ಮರುವಾಯಿ

ತಟ್ಟೆ ನಮ್ಮ ಹೊಳೆಯಲ್ಲೇ ಇತ್ತು. ಮೀನು ಮಾರುವ ಅಕ್ಕನ ಹತ್ತಿರ ಒಂದು ಹಿಡಿ ಮರುವಾಯಿ, ಅಂದರೆ ಕಪ್ಪೆಚಿಪ್ಪು, ಕೇಳಿದೆ. "ಎಂತ ಅಣ್ಣಾ, ಇಷ್ಟರಲ್ಲಿ ಯಾರ ಹೊಟ್ಟೆ ತುಂಬ್ತದೆ?" ಅಂದರು. ಮೀನಿಗೆ ಅಂತ ಹೇಳಿದ ಮೇಲೆ ಬುಟ್ಟಿ ಕೆದಕಿ ಸಣ್ಣ ಸಣ್ಣವನ್ನೇ ಆರಿಸಿ ಕೊಟ್ಟರು. ಈಗ ನಾನು ಹೋದರೆ ಕೇಳದೆಯೇ ಸಣ್ಣದು ಎತ್ತಿಡುತ್ತಾರೆ.

ಅಡುಗೆಮನೆಯ ನಿಯಮವೇ ಇಲ್ಲೂ ನಡೆಯುತ್ತದೆ. ತರುವಾಗಲೇ ಬಾಯಿ ಬಿಟ್ಟದ್ದನ್ನು ಎಸೆಯಬೇಕು. ಉಳಿದದ್ದನ್ನು ರಾತ್ರಿಯಿಡೀ ಉಪ್ಪುನೀರಿನಲ್ಲಿ ಬಿಟ್ಟರೆ ಮರಳು ಉಗುಳುತ್ತವೆ. ಆಮೇಲೆ ಫ್ರೀಜರ್‌ಗೆ. ಹೆಪ್ಪುಗಟ್ಟಿ ಕರಗಿದ ಚಿಪ್ಪು ಚೂರಿಯ ತುದಿ ತಾಗಿಸಿದರೆ ಸಾಕು, ಬಿಚ್ಚಿಕೊಳ್ಳುತ್ತದೆ. ಅರ್ಧ ಚಿಪ್ಪನ್ನು ಮಾಂಸದ ಸಮೇತ ಬಂಡೆಯ ಸಂದಿಯಲ್ಲಿ ಸಿಕ್ಕಿಸಿ, ವೇವ್‌ಮೇಕರ್ (ಅಲೆ ಎಬ್ಬಿಸುವ ಪಂಪ್) ಆಫ್ ಮಾಡಿ, ದೂರ ಕೂತೆ.

ಮೀನು ಸುತ್ತು ಹಾಕಿತು. ಒಂದು ಕಣ್ಣಿನಿಂದ ನೋಡಿತು, ತಿರುಗಿ ಇನ್ನೊಂದರಿಂದ ನೋಡಿತು. ಬೆನ್ನಿನ ಮುಳ್ಳುಗಳು ನೆಟ್ಟಗಾದವು. ಆಮೇಲೆ ತಲೆ ತಗ್ಗಿಸಿ, ಚಿಪ್ಪಿನ ಅಂಚಿನಲ್ಲಿ ಮಾಂಸ ಅಂಟಿಕೊಂಡಿರುವ ಜಾಗಕ್ಕೇ ಮೂತಿ ಹಾಕಿ ಒಂದು ಎಳೆ ಕಿತ್ತಿತು. ನುಂಗಿತು. ಮತ್ತೆ ಬಂತು. ಆ ಹೊತ್ತು ನನಗಾದ ಖುಷಿ ಇಷ್ಟಿಷ್ಟಲ್ಲ.

ಉಳಿದ ಚಿಪ್ಪನ್ನು ಒಂದೆರಡು ಗಂಟೆಯೊಳಗೆ ತೆಗೆದುಬಿಡಬೇಕು. ಮರುವಾಯಿ ಬೇಗ ಕೊಳೆಯುತ್ತದೆ, ಅಮೋನಿಯಾ ಏರುತ್ತದೆ.

ಇಲ್ಲಿಗೇ ನಿಲ್ಲಿಸುವ ಹಾಗಿಲ್ಲ

ತಿನ್ನುತ್ತಿದೆಯಲ್ಲಾ, ಇದನ್ನೇ ಕೊಡೋಣ ಅಂತ ಅನೇಕರು ಅಂದುಕೊಳ್ಳುತ್ತಾರೆ. ಅಲ್ಲೇ ಅಪಾಯ ಇರುವುದು. ಎಷ್ಟೋ ಜಾತಿಯ ಚಿಪ್ಪುಜೀವಿಗಳಲ್ಲಿ ಥಯಾಮಿನೇಸ್ ಎಂಬ ಕಿಣ್ವ ಇರುತ್ತದೆ. ಅದು ಬಿ1 ವಿಟಮಿನ್ ಅನ್ನು ಒಡೆದುಹಾಕುತ್ತದೆ. ಬೇಯಿಸಿದರೆ ಕಿಣ್ವ ಕೆಡುತ್ತದೆ, ಫ್ರೀಜರ್‌ನಲ್ಲಿ ಕೆಡುವುದಿಲ್ಲ. ಅದೊಂದನ್ನೇ ತಿಂದುಕೊಂಡಿರುವ ಮೀನು ಹೊಟ್ಟೆ ತುಂಬಿದ್ದರೂ ತಿಂಗಳುಗಳ ಮೇಲೆ ಕುಗ್ಗಬಹುದು. ಬಗೆಬಗೆಯಾಗಿ ಕೊಡುವುದು ಶೋಕಿಗಲ್ಲ, ಇದಕ್ಕಾಗಿ.

ಆದರೆ ಹೊಸ ಆಹಾರವನ್ನು ಹೊಸ ಜಾಗದಲ್ಲಿ ಕೊಟ್ಟರೆ ಈ ಮೀನು ಮುಟ್ಟುವುದಿಲ್ಲ. ಅದಕ್ಕೆ ಚಿಪ್ಪನ್ನು ಹಾಗೇ ಇಟ್ಟು, ಒಳಗಿರುವುದನ್ನು ನಿಧಾನವಾಗಿ ಬದಲಿಸುತ್ತಾ ಹೋದೆ. ಈ ಕೆಲಸದಲ್ಲಿ ನಾನು ನಂಬಿರುವುದು ಇದೊಂದನ್ನೇ: ಒಂದು ಸಲಕ್ಕೆ ಒಂದೇ ಬದಲಾವಣೆ.

ಚಿಪ್ಪಿಗೆ ತುಂಬಿದ್ದು

ಮೊದಲು ಮರುವಾಯಿ ಮಾಂಸದ ಮೇಲೆ ಸಿಗಡಿಯ ತುರಿ. ಗಟ್ಟಿಯಾಗಿ ಹೆಪ್ಪುಗಟ್ಟಿದ ಸಿಗಡಿಯನ್ನು ತುರಿಮಣೆಯ ಸಣ್ಣ ಕಣ್ಣಿನಲ್ಲಿ ತುರಿದರೆ ಆ ಮೂತಿಗೆ ತಕ್ಕ ಎಳೆಗಳು ಬರುತ್ತವೆ. ಆಮೇಲೆ ಬೊಂಡಾಸ್ (ಸ್ಕ್ವಿಡ್) ಅನ್ನು ಹಾಗೆಯೇ. ಆಮೇಲೆ ಕಲ್ಲುಮ್ಮಕ್ಕಾಯ (ಮಸಲ್). ಅದೂ ಚಿಪ್ಪುಜೀವಿಯೇ ಆದ್ದರಿಂದ ಲೆಕ್ಕದಲ್ಲಿ ಹೊಸ ಬಗೆ ಅಂತ ಹಿಡಿಯಲಿಲ್ಲ. ಆದರೆ ಚಿಪ್ಪು ದೊಡ್ಡದು, ಬಂಡೆಯಲ್ಲಿ ಚೆನ್ನಾಗಿ ನಿಲ್ಲುತ್ತದೆ, ಒಂದೇ ಚಿಪ್ಪನ್ನು ತೊಳೆದು ತೊಳೆದು ಬಳಸಬಹುದು.

ಬಂಗುಡೆ, ಬೂತಾಯಿ ಮಾಂಸ ಬೇಡ ಅಂತ ತೀರ್ಮಾನ ಮಾಡಿದೆ. ಎಣ್ಣೆ ಜಾಸ್ತಿ, ನೀರಿನ ಮೇಲೆ ಜಿಡ್ಡಿನ ಪದರ ಕಟ್ಟುತ್ತದೆ. ಬಂಗುಡೆಯ ಮೊಟ್ಟೆ ಮಾತ್ರ ಸಿಕ್ಕಾಗ ತೆಗೆದಿಡುತ್ತೇನೆ. ಒಳ್ಳೆಯ ಕೊಬ್ಬಿನಂಶ ಇದೆ, ತೊಳೆದು ಚಿಟಿಕೆಯಷ್ಟು ಹಾಕಿದರೆ ಸಾಕು.

ಮೈಸಿಸ್ ತಿಂದದ್ದು ಎಲ್ಲದಕ್ಕಿಂತ ಕೊನೆಗೆ. ಚಿಪ್ಪಿನೊಳಗಿನ ತುರಿಯಲ್ಲಿ ಬೆರೆಸಿ, ಹಾಗೇ ಫ್ರೀಜ್ ಮಾಡಿ, ಟ್ಯಾಂಕಿಗೆ ಇಟ್ಟೆ. ಕರಗುತ್ತಾ ಹೋದಂತೆ ಒಂದೊಂದೇ ಮೈಸಿಸ್ ಚಿಪ್ಪಿನಿಂದ ಬಿಡಿಸಿಕೊಂಡು ನೀರಿಗೆ ಜಾರಿತು. ಮೀನು ಅದನ್ನು ಬೆನ್ನಟ್ಟಿ ಹಿಡಿಯಿತು. ನೀರಿನ ನಡುವೆ ತೇಲುತ್ತಿರುವುದನ್ನು ಅದು ಹಿಡಿದದ್ದನ್ನು ನಾನು ನೋಡಿದ್ದು ಆಗಲೇ. ಈಗ ಸಿರಿಂಜ್‌ನಿಂದ ಬಿಟ್ಟರೂ ತಿನ್ನುತ್ತದೆ.

ಆರ್ಟೀಮಿಯಾ

ಆರ್ಟೀಮಿಯಾ ಅಂದರೆ ಉಪ್ಪುನೀರಿನ ಪುಟ್ಟ ಸಿಗಡಿಯಂಥ ಜೀವಿ. ಅದರ ಮರಿ ಮಾಡಿಸುವುದು ಬೇರೆ ಕೆಲಸ. ಸೋಡಾ ಬಾಟಲಿಯ ತಳ ಕತ್ತರಿಸಿ, ತಲೆಕೆಳಗಾಗಿ ನಿಲ್ಲಿಸಿ, ಲೀಟರಿಗೆ 25 ಗ್ರಾಂ ಉಪ್ಪು ಹಾಕಿದ ನೀರಿನಲ್ಲಿ ಮೊಟ್ಟೆ ಬಿಟ್ಟು ಗಾಳಿ ಕೊಡುವುದು. 28 ಡಿಗ್ರಿ ಸೆಖೆ ಇದ್ದರೆ ಸುಮಾರು 24 ಗಂಟೆಯಲ್ಲಿ ಮರಿಯಾಗುತ್ತದೆ. ನಮ್ಮೂರಿನಲ್ಲಿ ಹೀಟರ್ ಯಾಕೆ ಬೇಕು, ಅಲ್ವಾ? ಮರಿಗಳನ್ನು ಆದಷ್ಟು ಬೇಗ ಕೊಡಬೇಕು, ಹೊತ್ತು ಹೋದಂತೆ ಅವುಗಳ ಸತ್ವ ಕರಗುತ್ತದೆ. ಈ ಮೀನಿಗೆ ಮರಿ ತೀರಾ ಸಣ್ಣದು, ಹೊಟ್ಟೆ ತುಂಬುವುದಿಲ್ಲ. ಆದರೆ ಜೀವ ಇರುವ ಚಲನೆ ನೋಡಿದರೆ ಅದು ಚುರುಕಾಗುತ್ತದೆ. ಅದಕ್ಕೇ ಬೆಳಿಗ್ಗೆ ಮೊದಲು ಇದು, ಹಿಂದೆಯೇ ಚಿಪ್ಪು.

ಈಗ ಹೇಗಿದೆ

ಬದಿಯಿಂದ ನೋಡಿದರೆ ಕಾಪರ್‌ಬ್ಯಾಂಡ್ ಯಾವಾಗಲೂ ಚಂದವೇ ಕಾಣುತ್ತದೆ, ಮೋಸ ಹೋಗುತ್ತೇವೆ. ಎದುರಿನಿಂದ ನೋಡಬೇಕು. ಕಣ್ಣಿನ ಮೇಲೆ, ತಲೆಯ ಹಿಂದೆ ಗುಳಿ ಬಿದ್ದಿದ್ದರೆ ಮೀನು ಮೈ ಕರಗಿಸುತ್ತಿದೆ ಅಂತ ಅರ್ಥ. ತಂದಾಗ ಇದ್ದ ಗುಳಿ ಈಗ ತುಂಬಿದೆ. ದಿನಕ್ಕೆ ಮೂರು ನಾಲ್ಕು ಸಲ ಸ್ವಲ್ಪ ಸ್ವಲ್ಪವೇ ಕೊಡುತ್ತೇನೆ. ಎರಡೂ ಬದಿ ಸಮ ಉಬ್ಬಿದ ಹೊಟ್ಟೆ ನೋಡಿದ ಮೇಲೆಯೇ ರಾತ್ರಿ ಲೈಟ್ ಆರಿಸುವುದು.

ಮಳೆಗಾಲಕ್ಕೆ

ಕೇರಳದಲ್ಲಿ ಟ್ರಾಲಿಂಗ್ (ಯಂತ್ರದೋಣಿಗಳ ಎಳೆಬಲೆ ಮೀನುಗಾರಿಕೆ) ನಿಷೇಧ ಜೂನ್ 9ರ ನಡುರಾತ್ರಿಯಿಂದ ಜುಲೈ 31ರವರೆಗೆ, 52 ದಿನ. ನಾಡದೋಣಿಗಳು ಹೋದರೂ ಸಿಗಡಿ, ಬೊಂಡಾಸ್ ಬೇಕಾದಾಗ ಸಿಗುತ್ತದೆ ಅನ್ನುವ ಹಾಗಿಲ್ಲ. ಕಲ್ಲುಮ್ಮಕ್ಕಾಯವೂ ಅಷ್ಟೇ. ಪಡನ್ನ, ಚೆರುವತ್ತೂರು ಕಡೆ ಹಿನ್ನೀರಿನಲ್ಲಿ ಹಗ್ಗಕ್ಕೆ ಕಟ್ಟಿ ಬೆಳೆಸುವವರು, ಹೊಳೆಯ ಸಿಹಿನೀರು ನುಗ್ಗುವ ಮುಂಚೆಯೇ ಕೊಯ್ಲು ಮುಗಿಸುತ್ತಾರೆ. ನಾನೂ ಮೇ ತಿಂಗಳಲ್ಲೇ ತುಂಬಿದ ಚಿಪ್ಪುಗಳನ್ನು ಡಬ್ಬಿಗಳಲ್ಲಿ ಜೋಡಿಸಿ ಫ್ರೀಜರ್‌ನ ಒಂದು ಅಂತಸ್ತು ಪೂರ್ತಿ ಹಿಡಿದಿದ್ದೇನೆ. ಅಮ್ಮ ಆ ಜಾಗ ಬಿಟ್ಟುಕೊಟ್ಟರು, ಮೀನಿನ ಡಬ್ಬಿಗೆ ಚೀಟಿ ಅಂಟಿಸಬೇಕು ಅನ್ನುವ ಷರತ್ತಿನ ಮೇಲೆ.

ಪೆಲೆಟ್ (ಗುಳಿಗೆಯಂಥ ಅಂಗಡಿ ಆಹಾರ) ಒಂದು ಬಾಕಿ ಇದೆ. ಮೆತ್ತನೆಯ ಪೆಲೆಟ್ ಅನ್ನು ಪುಡಿ ಮಾಡಿ ಸಿಗಡಿ ತುರಿಗೆ ಸೇರಿಸಲು ಶುರು ಮಾಡಿದ್ದೇನೆ. ಪುಡಿ ಕಡಿಮೆ ಇದ್ದರೆ ತಿನ್ನುತ್ತದೆ, ಜಾಸ್ತಿಯಾದರೆ ಸಿಗಡಿಯನ್ನಷ್ಟೇ ಆರಿಸಿಕೊಂಡು ಉಳಿದದ್ದನ್ನು ಉಗುಳುತ್ತದೆ. ಜೂನ್ ಪೂರ್ತಿ ಇದೇ ಪ್ರಯತ್ನ.