ಸೈನಿಕರ ಹೆಂಡತಿಯ ಹೆಸರು ಮೊದಲು ನೋಡಿ
ನಾನು ಸೇವಾ ಕೇಂದ್ರ ನಡೆಸುತ್ತೇನೆ. ನವೆಂಬರ್ ಬಂತೆಂದರೆ ಶಟರ್ ಎತ್ತುವ ಮೊದಲೇ ಮಾಜಿ ಸೈನಿಕರು ಬಂದು ನಿಂತಿರುತ್ತಾರೆ. ಹೆಚ್ಚಿನವರು ಜೀವಂತ ಪ್ರಮಾಣಪತ್ರ ಕೊಡಬೇಕಾದ ತಿಂಗಳು ಅದು. 2014ರಲ್ಲಿ ಜೀವನ್ ಪ್ರಮಾಣ್ ಎಂಬ ಡಿಜಿಟಲ್ ವ್ಯವಸ್ಥೆ ಶುರುವಾದ ಮೇಲೆ ಬೆರಳಚ್ಚು ಕೊಟ್ಟರೆ ಮುಗಿಯಿತು. ಬೆರಳಿನ ಗೆರೆ ಸವೆದವರಿಗೆ ಈಗ ಮೊಬೈಲಿಗೆ ಮುಖ ತೋರಿಸಿದರೂ ಆಗುತ್ತದೆ. ಅಷ್ಟು ಮಾಡಿ ಕಳಿಸಿದರೆ ನನ್ನ ಕೆಲಸ ಆಯಿತು ಅಂತಲೇ ಇದ್ದೆ.

ಒಂದು ದಿನ ಹವಾಲ್ದಾರರೊಬ್ಬರ ಪತ್ನಿ ಕುಟುಂಬ ಪಿಂಚಣಿಗೆಂದು ಬಂದರು. ಗಂಡ ತೀರಿಕೊಂಡು ಎರಡು ತಿಂಗಳಾಗಿತ್ತು. ಪ್ಲಾಸ್ಟಿಕ್ ಕವರಿನಿಂದ ಡಿಸ್ಚಾರ್ಜ್ ಬುಕ್, ಪಿಪಿಒ (ಪಿಂಚಣಿ ಪಾವತಿ ಆದೇಶ), ಮರಣ ಪ್ರಮಾಣಪತ್ರ, ಆಧಾರ್ ಒಂದೊಂದಾಗಿ ತೆಗೆದು ಮೇಜಿನ ಮೇಲೆ ಜೋಡಿಸಿದರು. ಪಿಪಿಒದಲ್ಲಿ ಒಂದು ಹೆಸರು, ಆಧಾರ್‌ನಲ್ಲಿ ಇನ್ನೊಂದು.

"ಅದು ತವರಿನ ಹೆಸರು, ಇದು ಅತ್ತೆ ಮನೇಲಿ ಇಟ್ಟಿದ್ದು. ಎರಡೂ ನಾನೇ ಕಣಪ್ಪ."

ಆಧಾರ್ ತಿದ್ದಿಸಿಕೊಂಡು ಬನ್ನಿ ಎಂದು ಕಳಿಸಿಬಿಟ್ಟೆ. ಅದೇ ನಾನು ಮಾಡಿದ ತಪ್ಪು. ಆಧಾರ್ ತಿದ್ದಿಸಿದರೆ ಬ್ಯಾಂಕ್ ಪಾಸ್‌ಬುಕ್ಕಿಗೂ ಮರಣ ಪ್ರಮಾಣಪತ್ರಕ್ಕೂ ತಾಳೆಯಾಗಲಿಲ್ಲ. ಆಕೆ ಮೂರು ಸಲ ಅಲೆದರು.

ಕೊನೆಗೆ ದಾರಿ ತೋರಿಸಿದವರು ನಿವೃತ್ತ ಸುಬೇದಾರರೊಬ್ಬರು. ಸೈನಿಕನ ಮದುವೆ, ಮಕ್ಕಳ ಜನನ ಎಲ್ಲವೂ ಯೂನಿಟ್ ಹೊರಡಿಸುವ ಪಾರ್ಟ್ ಟು ಆರ್ಡರ್ ಎಂಬ ಆದೇಶದಲ್ಲಿ ದಾಖಲಾಗಬೇಕು. ಹುಡುಗ ರಜೆಯಲ್ಲಿ ಊರಿಗೆ ಬಂದು ಮದುವೆಯಾಗಿ ಯೂನಿಟ್ಟಿಗೆ ಮರಳುತ್ತಾನೆ. ಕನ್ನಡದ ಗಂಧವಿಲ್ಲದ ಗುಮಾಸ್ತರು ಕಿವಿಗೆ ಬಿದ್ದಂತೆ ಹೆಸರು ಬರೆದುಕೊಳ್ಳುತ್ತಾರೆ. ಆ ಅಕ್ಷರಗಳೇ ಮುಂದೆ ಪಿಪಿಒಗೂ ಬರುತ್ತವೆ. ತಿದ್ದಬೇಕಾದದ್ದು ಸೈನಿಕರ ಸೇವಾ ದಾಖಲೆ ಇಡುವ ರೆಕಾರ್ಡ್ ಆಫೀಸಿನಲ್ಲಿ. ಹವಾಲ್ದಾರರೇ ಬದುಕಿದ್ದಾಗ ಒಂದು ಅರ್ಜಿ ಹಾಕಿದ್ದರೆ ಸಲೀಸಾಗಿ ಆಗುತ್ತಿದ್ದ ಕೆಲಸಕ್ಕೆ ಈಗ ಅಫಿಡವಿಟ್ ಮಾಡಿಸಿ, ಜಿಲ್ಲಾ ಸೈನಿಕ ಕಲ್ಯಾಣ ಕಚೇರಿಗೆ ಹೋಗಿ, ತಿಂಗಳುಗಟ್ಟಲೆ ಕಾಯಬೇಕಾಯಿತು. ಅಷ್ಟು ದಿನ ಆ ಮನೆಗೆ ಪಿಂಚಣಿ ಬರಲಿಲ್ಲ.

ಸಾವಿನ ಕಾರಣವನ್ನೂ ಈಗ ಗಮನವಿಟ್ಟು ಓದುತ್ತೇನೆ. ಸಾಮಾನ್ಯ ಕುಟುಂಬ ಪಿಂಚಣಿ ಕೊನೆಯ ವೇತನದ ಶೇ. 30, ಸಾವಿಗೆ ಸೇವೆಯೇ ಕಾರಣವಾಗಿದ್ದರೆ ಶೇ. 60. ಎಷ್ಟೋ ತಾಯಂದಿರಿಗೆ ಈ ವ್ಯತ್ಯಾಸವನ್ನು ಯಾರೂ ಹೇಳಿರುವುದಿಲ್ಲ.

ಫೀಲ್ಡ್ ಮಾರ್ಷಲ್ ಕಾರ್ಯಪ್ಪನವರು 1953ರಲ್ಲಿ ನಿವೃತ್ತರಾದ ಜನವರಿ 14ನ್ನು ಮಾಜಿ ಸೈನಿಕರ ದಿನವೆಂದು ಆಚರಿಸುತ್ತೇವೆ. ಹಾರ, ಶಾಲು ಎಲ್ಲ ಇರಲಿ, ಬೇಕು. ಆದರೆ ವೇದಿಕೆಯ ಪಕ್ಕ ಒಂದು ಲ್ಯಾಪ್‌ಟಾಪ್ ಇಟ್ಟುಕೊಂಡು ಅವರ ದಾಖಲೆ ತೆರೆದು ನೋಡುವವರೊಬ್ಬರು ಕೂತಿದ್ದರೆ ಎಷ್ಟು ಮನೆಗಳಿಗೆ ಉಪಕಾರವಾದೀತು!

ಈಗ ಪ್ರಮಾಣಪತ್ರಕ್ಕೆ ಬಂದವರಿಗೆ, "ಸರ್, ನಾಳೆ ಅಮ್ಮನವರನ್ನೂ ಕರಕೊಂಡು ಬನ್ನಿ" ಎನ್ನುತ್ತೇನೆ. ರಕ್ಷಣಾ ಪಿಂಚಣಿಯ ಆನ್‌ಲೈನ್ ಪೋರ್ಟಲ್ ಸ್ಪರ್ಶ್ ತೆರೆದು ಪರದೆಯನ್ನು ಅವರ ಕಡೆ ತಿರುಗಿಸುತ್ತೇನೆ. ಹೋದ ವಾರ ಒಬ್ಬ ತಾಯಿ ಕನ್ನಡಕ ಸರಿಪಡಿಸಿಕೊಂಡು, ತಮ್ಮ ಹೆಸರಿನ ಇಂಗ್ಲಿಷ್ ಅಕ್ಷರಗಳನ್ನು ಬೆರಳಿಟ್ಟು ಒಂದೊಂದೇ ಓದಿದರು. ಬೆರಳು ಕೊನೆಯಲ್ಲಿ ನಿಂತಿತು.

"ಒಂದಕ್ಷರ ಬಿಟ್ಟೋಗಿದೆ ನೋಡಪ್ಪ."

ಪಕ್ಕದಲ್ಲಿದ್ದ ಯಜಮಾನರು ಆಗಲೇ ಜೇಬಿನಿಂದ ಪೆನ್ನು ತೆಗೆದಿದ್ದರು.