ಚಿರತೆ ಎಷ್ಟು ಹೊತ್ತಿಗೆ ಶತಪಥ ಹಾಕುತ್ತದೆ?

ಮೃಗಾಲಯದಲ್ಲಿ ಬಯಾಲಜಿಸ್ಟ್ ಅಂದ ತಕ್ಷಣ ನೆಂಟರಿಷ್ಟರೆಲ್ಲ ನಾನು ಹುಲಿಮರಿಗೆ ಬಾಟಲಿಯಲ್ಲಿ ಹಾಲು ಕುಡಿಸುತ್ತೇನೆ ಅಂದುಕೊಂಡಿದ್ದಾರೆ. ನನ್ನ ಕೆಲಸದ ಬಹುಪಾಲು ನಡೆಯುವುದು ಕಂಪ್ಯೂಟರ್ ಮುಂದೆ. ತೆರೆಯ ಮೇಲೆ ಹುಲ್ಲು ಅಲುಗಾಡುತ್ತಿರುತ್ತದೆ, ಒಂದು ಅಳಿಲು ಬಂದು ಹೋಗುತ್ತದೆ, ಪ್ರಾಣಿ ಮಾತ್ರ ಕಾಣುವುದಿಲ್ಲ. ಅದನ್ನೂ ಬರೆದುಕೊಳ್ಳಬೇಕು: 'ಕಾಣುತ್ತಿಲ್ಲ'.

ನಮ್ಮಲ್ಲಿ ಕ್ಯಾಮೆರಾಗಳು ಮೊದಲಿನಿಂದಲೂ ಇದ್ದವು, ಆದರೆ ಪ್ರಾಣಿಗಳಿಗಾಗಿ ಅಲ್ಲ. ಯಾರಾದರೂ ಬೇಲಿ ಹತ್ತಿದರೆ, ಕಲ್ಲು ಎಸೆದರೆ ಗೊತ್ತಾಗಲಿ ಎಂದು ಹಾಕಿದ್ದವು. 2020ರ ಏಪ್ರಿಲ್‌ನಲ್ಲಿ ನ್ಯೂಯಾರ್ಕ್‌ನ ಬ್ರಾಂಕ್ಸ್ ಮೃಗಾಲಯದ ನಾಡಿಯಾ ಎಂಬ ಹುಲಿಗೆ ಕೊರೋನಾ ದೃಢಪಟ್ಟಿತಲ್ಲ, ಅದರ ಬೆನ್ನಿಗೇ ಕೇಂದ್ರ ಮೃಗಾಲಯ ಪ್ರಾಧಿಕಾರ ದೇಶದ ಮೃಗಾಲಯಗಳಿಗೆಲ್ಲ ಸುತ್ತೋಲೆ ಕಳಿಸಿತು. ಪ್ರಾಣಿಗಳ ಮೇಲೆ ಸಿಸಿಟಿವಿ ಮೂಲಕ ದಿನದ 24 ಗಂಟೆಯೂ ನಿಗಾ ಇಡಿ, ನಡವಳಿಕೆಯಲ್ಲಿ ವ್ಯತ್ಯಾಸ ಕಂಡರೆ ಗಮನಿಸಿ ಎಂದು. ಹಾಗೆ ನೋಡಹೊರಟಾಗಲೇ ಗೊತ್ತಾಗುವುದು, ಭದ್ರತೆಗೆಂದು ಹಾಕಿದ ಕ್ಯಾಮೆರಾದ ಮುಖ ಗೇಟಿನ ಕಡೆಗೆ, ಜನರ ಕಡೆಗೆ ಇರುತ್ತದೆ ಅಂತ. ಪ್ರಾಣಿ ಕಂಡರೂ ಅದರ ಬಾಲ ಮಾತ್ರ. ನಡವಳಿಕೆ ನೋಡಬೇಕಾದರೆ ಕ್ಯಾಮೆರಾವನ್ನು ಪ್ರಾಣಿ ಹೆಚ್ಚು ಹೊತ್ತು ಕಳೆಯುವ ಮೂಲೆಗೆ ತಿರುಗಿಸಬೇಕು, ರಾತ್ರಿಯ ಕೋಣೆಯೊಳಗೂ ಒಂದು ಇರಬೇಕು. ಕೀಪರ್‌ಗಳು ಓಡಾಡುವ ಹಿಂದಿನ ಓಣಿಗೆ ಮತ್ತೊಂದು ಬೇಕು. ಈ ಮೂರನೆಯದನ್ನು ಯಾರೂ ಕೇಳುವುದಿಲ್ಲ. ನಮಗೆ ಹೆಚ್ಚು ಉಪಯೋಗಕ್ಕೆ ಬಂದದ್ದು ಅದೇ.

ವಿಷಯ ಒಂದು ಚಿರತೆಯದು. ಊರಂಚಿನಲ್ಲಿ ಬೋನಿಗೆ ಬಿದ್ದು ನಮ್ಮಲ್ಲಿಗೆ ಬಂದದ್ದು, ಕಾಡಿಗೆ ವಾಪಸ್ ಬಿಡುವ ಸ್ಥಿತಿಯಲ್ಲಿ ಇರಲಿಲ್ಲ. ಆವರಣದ ಹಿಂಬದಿಯ ಗೋಡೆಗುಂಟ ಶತಪಥ ಹಾಕುತ್ತಿತ್ತು. ಜನ ಮೊಬೈಲಿನಲ್ಲಿ ಅದನ್ನೇ ಹಿಡಿದು 'ಪಾಪ, ಹುಚ್ಚು ಹಿಡಿದಿದೆ' ಎಂದು ಹಾಕುತ್ತಿದ್ದರು. ಹಗಲು ಹೊತ್ತು ಕೂತು ಬರೆದ ನಮ್ಮ ಹಾಳೆಗಳಲ್ಲಿ ಇದ್ದದ್ದು ಒಂದು ಶೇಕಡಾವಾರು ಮಾತ್ರ: ನೋಡಿದ ಹೊತ್ತಿನಲ್ಲಿ ಇಷ್ಟು ಪಾಲು ಶತಪಥ. ಆ ಅಂಕಿ ಹಿಡಿದುಕೊಂಡು ಮೀಟಿಂಗಿನಲ್ಲಿ ಕೂತರೆ ಎಲ್ಲರ ಬಳಿಯೂ ಒಂದೊಂದು ಕಾರಣ ಸಿದ್ಧ. ಜನರ ಗಲಾಟೆ ಅಂತ ಒಬ್ಬರು, ಹಸಿವು ಅಂತ ಇನ್ನೊಬ್ಬರು, ಜಾಗ ಸಾಲದು ಅಂತ ಮತ್ತೊಬ್ಬರು. ಮೂರನೆಯದನ್ನು ತಳ್ಳಿಹಾಕುವಂತಿಲ್ಲ. ಕಾಡಿನಲ್ಲಿ ಬಲುದೂರ ಅಲೆಯುವ ಮಾಂಸಾಹಾರಿಗಳೇ ಬಂಧನದಲ್ಲಿ ಹೆಚ್ಚು ಶತಪಥ ಹಾಕುತ್ತವೆ ಎಂದು ರೋಸ್ ಕ್ಲಬ್ ಮತ್ತು ಜಾರ್ಜಿಯಾ ಮೇಸನ್ 2003ರಲ್ಲೇ 'ನೇಚರ್' ಪತ್ರಿಕೆಯಲ್ಲಿ ಬರೆದಿದ್ದಾರೆ. ಆದರೆ ಶೇಕಡಾವಾರು ಅಂಕಿಯೊಂದರಿಂದ ಈ ಮೂರರಲ್ಲಿ ಯಾವುದು ಸರಿ ಎಂದು ಹೇಳಲು ಬರುವುದಿಲ್ಲ.

ವಿಡಿಯೊದಿಂದ ನಮಗೆ ಸಿಕ್ಕ ಲಾಭ ಚಿತ್ರವಲ್ಲ, ಚಿತ್ರದ ಮೂಲೆಯಲ್ಲಿ ಓಡುವ ಗಡಿಯಾರ.

ಹೇಗೆಂದು ಹೇಳುವ ಮೊದಲು ಸ್ವಲ್ಪ ಬೇಸರದ ಭಾಗ. ಸೆಕೆಂಡಿಗೆ 4 ಮೆಗಾಬಿಟ್ ದರದಲ್ಲಿ ರೆಕಾರ್ಡ್ ಮಾಡುವ ಒಂದು ಕ್ಯಾಮೆರಾ ದಿನಕ್ಕೆ ಸುಮಾರು 43 ಜಿಬಿ ತುಂಬುತ್ತದೆ. ಅಂಥ ಎಂಟು ಕ್ಯಾಮೆರಾಗಳಿದ್ದರೆ ವಾರಕ್ಕೆ 2.4 ಟಿಬಿ. ಡಿಸ್ಕ್ ತುಂಬಿದ ಮೇಲೆ ರೆಕಾರ್ಡರ್ ಹಳೆಯದರ ಮೇಲೆಯೇ ಹೊಸದನ್ನು ಬರೆಯುತ್ತ ಹೋಗುತ್ತದೆ. ಆಗ ಎಲ್ಲರೂ ಕೊಡುವ ಸಲಹೆ, 'ಮೋಷನ್ ಡಿಟೆಕ್ಷನ್ ಹಾಕಿಬಿಡಿ, ಅಲುಗಾಡಿದಾಗ ಮಾತ್ರ ರೆಕಾರ್ಡ್ ಆಗುತ್ತೆ'. ಅಂಗಡಿಗೆ ಅದು ಸರಿ. ನಡವಳಿಕೆಯ ಅಧ್ಯಯನಕ್ಕೆ ಅದರಷ್ಟು ಕೆಟ್ಟ ಸೆಟ್ಟಿಂಗ್ ಇನ್ನೊಂದಿಲ್ಲ. ಓಡಾಡುವ ಚಿರತೆ ಉಳಿಯುತ್ತದೆ, ಮಲಗಿದ ಚಿರತೆ ದಾಖಲೆಯಿಂದಲೇ ಮಾಯವಾಗುತ್ತದೆ. ಕೊನೆಗೆ ಲೆಕ್ಕ ಹಾಕಿದರೆ ದಿನವಿಡೀ ಓಡಾಡಿದಂತೆಯೇ ಕಾಣುವುದು. ಸಾಲದ್ದಕ್ಕೆ ಮಳೆಗಾಲದಲ್ಲಿ ಹನಿ, ಎಲೆ, ಪತಂಗ ಎಲ್ಲವೂ 'ಚಲನೆ'ಯೇ. ಇನ್‌ಫ್ರಾರೆಡ್ ದೀಪದ ಸುತ್ತ ಜೇಡ ಬಲೆ ನೇಯ್ದರಂತೂ ರಾತ್ರಿಯೆಲ್ಲ ಜೇಡನದೇ ಚಿತ್ರ. (ದೀಪ ಕೊಳ್ಳುವಾಗ 940 ನ್ಯಾನೊಮೀಟರ್‌ನದನ್ನು ಕೇಳಿ. 850ರದು ಕತ್ತಲಲ್ಲಿ ಮಂದವಾಗಿ ಕೆಂಪಗೆ ಹೊಳೆಯುತ್ತದೆ.)

ಇಡೀ ದಿನದ ವಿಡಿಯೊ ಕೂತು ನೋಡುವುದೂ ಆಗದ ಮಾತು, ಅಗತ್ಯವೂ ಇಲ್ಲ. ಜೀನ್ ಆಲ್ಟ್‌ಮನ್ 1974ರಲ್ಲಿ ವೀಕ್ಷಣೆಯ ವಿಧಾನಗಳ ಬಗ್ಗೆ ಬರೆದ ಲೇಖನವನ್ನೇ ಇವತ್ತಿಗೂ ಎಲ್ಲರೂ ಆಧಾರವಾಗಿ ಇಟ್ಟುಕೊಳ್ಳುತ್ತಾರೆ. ನಾವು ನಿಮಿಷಕ್ಕೊಮ್ಮೆ ವಿಡಿಯೊ ನಿಲ್ಲಿಸಿ, ಆ ಕ್ಷಣಕ್ಕೆ ಪ್ರಾಣಿ ಏನು ಮಾಡುತ್ತಿದೆ ಎಂದು ಗುರುತು ಹಾಕುತ್ತೇವೆ. ಮಲಗುವುದು, ಕೂರುವುದು, ಓಡಾಡುವುದಕ್ಕೆ ಇದು ಸಾಕು. ಮೂತ್ರ ಸಿಂಪಡಿಸಿ ಗುರುತು ಹಾಕುವಂಥ ಕ್ಷಣಾರ್ಧದ ನಡವಳಿಕೆ ಇದರಲ್ಲಿ ತಪ್ಪಿಹೋಗುತ್ತದೆ. ಅದಕ್ಕೆ ಬೇರೆಯಾಗಿ, ಪ್ರತಿಯೊಂದನ್ನೂ ಎಣಿಸಬೇಕು. ಗುರುತು ಹಾಕಲು ಬೋರಿಸ್ ಎಂಬ ಉಚಿತ ಸಾಫ್ಟ್‌ವೇರ್ ಇದೆ, ಇಟಲಿಯ ಟೊರಿನೊ ವಿಶ್ವವಿದ್ಯಾಲಯದವರದು. ಶತಪಥ ಅಂದರೆ ಏನು ಎಂಬುದನ್ನೂ ಮೊದಲೇ ಬರೆದಿಟ್ಟುಕೊಂಡೆವು: ಒಂದೇ ಜಾಡಿನಲ್ಲಿ, ಬೇರೇನೂ ಮಾಡದೆ, ಕನಿಷ್ಠ ಮೂರು ಸಲ ಹೋಗಿಬರಬೇಕು. ಇಲ್ಲದಿದ್ದರೆ ಅದು ಬರೀ ನಡಿಗೆ. ಈ ಸಾಲು ಬರೆಯದೆ ಇಬ್ಬರು ಒಂದೇ ತುಣುಕನ್ನು ನೋಡಿ ಗುರುತು ಹಾಕಿದರೆ ಎರಡು ಬೇರೆ ಬೇರೆ ಚಿರತೆಗಳನ್ನು ನೋಡಿದ ಹಾಗಿರುತ್ತದೆ.

ಇನ್ನು ಗಡಿಯಾರ. ಎರಡು ರೆಕಾರ್ಡರ್‌ಗಳ ಸಮಯ ಒಂದೇ ಇರುತ್ತದೆ ಎಂದು ನಂಬಬೇಡಿ. ಕರೆಂಟು ಹೋಗಿ ಬಂದು, ಇಂಟರ್ನೆಟ್ ಇಲ್ಲದೆ, ಒಂದೊಂದೂ ಒಂದೊಂದು ಕಡೆಗೆ ಜಾರಿರುತ್ತದೆ. ವಾರಕ್ಕೊಮ್ಮೆ ನಾನು ಮೊಬೈಲಿನಲ್ಲಿ ಸೆಕೆಂಡು ತೋರಿಸುವ ಗಡಿಯಾರ ತೆರೆದು ಪ್ರತಿ ಕ್ಯಾಮೆರಾದ ಮುಂದೆಯೂ ಹಿಡಿಯುತ್ತೇನೆ. ನೋಡಿದವರು ಸೆಲ್ಫಿ ಅಂದುಕೊಳ್ಳುತ್ತಾರೆ. ವ್ಯತ್ಯಾಸ ಎಷ್ಟೆಂದು ವಿಡಿಯೊದಲ್ಲೇ ದಾಖಲಾಗುತ್ತದೆ.

ಮಾಂಸಾಹಾರಿಗಳಿಗೆ ನಮ್ಮಲ್ಲಿ ವಾರಕ್ಕೊಂದು ದಿನ ಉಪವಾಸ, ಮೃಗಾಲಯದ ವಾರದ ರಜೆಯ ದಿನವೇ. ಅಂದು ಜನರೂ ಇಲ್ಲ, ಮಾಂಸವೂ ಇಲ್ಲ. ಮೀಟಿಂಗಿನ ಎರಡು ಕಾರಣಗಳನ್ನು ಪರೀಕ್ಷಿಸಲು ಇದಕ್ಕಿಂತ ಒಳ್ಳೆಯ ದಿನ ನಾವು ಹುಡುಕಿದರೂ ಸಿಗದು. ಗಲಾಟೆಯೇ ಕಾರಣವಾದರೆ ಅಂದು ಶತಪಥ ಇಳಿಯಬೇಕಿತ್ತು. ಇಳಿಯಲಿಲ್ಲ, ಹೆಚ್ಚುಕಡಿಮೆ ಅಷ್ಟೇ ಇತ್ತು. ಆದರೆ ಬೇರೆ ದಿನಗಳಿಗಿಂತ ಒಂದು ಗಂಟೆಗೂ ಹೆಚ್ಚು ಮುಂಚೆಯೇ ಶುರುವಾಗುತ್ತಿತ್ತು. ದಿನದ ಮೊತ್ತ ಮಾತ್ರ ನೋಡಿದ್ದರೆ ಇದು ಕಾಣುತ್ತಲೇ ಇರಲಿಲ್ಲ.

ಓಣಿಯ ಕ್ಯಾಮೆರಾದ ವಿಡಿಯೊವನ್ನು ಆವರಣದ ವಿಡಿಯೊದ ಜತೆಗಿಟ್ಟು ನೋಡಿದಾಗ ಕಾರಣ ಸಿಕ್ಕಿತು. ರಜೆಯ ದಿನ ಕೀಪರ್‌ಗಳ ಕೆಲಸ ಬೇಗ ಮುಗಿಯುತ್ತದೆ, ಪ್ರಾಣಿಗಳನ್ನು ಒಳಗೆ ಬಿಟ್ಟುಕೊಳ್ಳಲು ಬೇಗ ಬರುತ್ತಾರೆ. ಓಣಿಯ ಕಬ್ಬಿಣದ ಗೇಟು ತೆರೆದ ಕೆಲವೇ ನಿಮಿಷಕ್ಕೆ ಚಿರತೆ ಎದ್ದು ಗೋಡೆಗುಂಟ ಶುರುಮಾಡುತ್ತದೆ, ರಾತ್ರಿ ಕೋಣೆಯ ಶಟರ್ ಎತ್ತಿದ ಕೂಡಲೇ ಒಳಗೆ ನುಗ್ಗಿ ಸುಮ್ಮನಾಗುತ್ತದೆ. ಬೇರೆ ದಿನಗಳಲ್ಲೂ ಇದೇ ಕ್ರಮ, ಹೊತ್ತು ಮಾತ್ರ ತಡ. ಬಸ್ಸು ಬರುವ ಹೊತ್ತಾಯಿತೆಂದು ನಿಲ್ದಾಣದಲ್ಲಿ ಎದ್ದು ಅಡ್ಡಾಡುವವರಂತೆ. ನಮ್ಮ ಹಿರಿಯ ಕೀಪರ್‌ಗೆ ಎರಡು ವಿಡಿಯೊಗಳನ್ನೂ ಜೋಡಿಸಿ ತೋರಿಸಿದೆ. ಮಾಂಸದ ಗಾಡಿಯ ವಾಸನೆಗೆ ಹಾಗಾಡುತ್ತದೆ ಎಂದು ಅವರು ವರ್ಷಗಟ್ಟಲೆ ನಂಬಿದ್ದರು.

"ಇವತ್ತು ಗಾಡಿನೇ ಬಂದಿಲ್ವಲ್ಲ ಮೇಡಂ. ಹಂಗಾದ್ರೆ ಅದು ಕಾಯ್ತಿರೋದು ಏನನ್ನ?"

"ಒಳಗೆ ಹೋಗೋದನ್ನೇ ಇರಬೇಕು ಅಣ್ಣ."

ಅವರು ಸ್ವಲ್ಪ ಹೊತ್ತು ಯೋಚಿಸಿ, "ಒಳಗೆ ಏನೈತೆ, ಕತ್ಲೆ ಬಿಟ್ರೆ?" ಅಂದರು.

ಅದಕ್ಕೆ ಬೇಕಿದ್ದದ್ದು ಆ ಕತ್ತಲೆಯೇ ಇರಬಹುದು. ಕಾಡಿನ ಚಿರತೆ ಹಗಲು ಪೊದೆಯಲ್ಲಿ, ಬಂಡೆ ಸಂದಿಯಲ್ಲಿ ಯಾರ ಕಣ್ಣಿಗೂ ಬೀಳದೆ ಕಳೆಯುವ ಪ್ರಾಣಿ. ನಾವು ಅದನ್ನು ಹುಲ್ಲುಹಾಸಿನ ಮೇಲೆ ಎಲ್ಲರಿಗೂ ಕಾಣುವಂತೆ ಇಟ್ಟಿದ್ದೆವು. ಕ್ಯಾಥಿ ಕಾರ್ಲ್‌ಸ್ಟೆಡ್ ಮತ್ತು ಸಂಗಡಿಗರು 1993ರಲ್ಲಿ ಚಿರತೆ ಬೆಕ್ಕುಗಳ (ಮೈಮೇಲೆ ಚುಕ್ಕೆಯಿರುವ ಸಣ್ಣ ಕಾಡು ಬೆಕ್ಕು) ಮೇಲೆ ಮಾಡಿದ ಅಧ್ಯಯನದಲ್ಲೂ ಅವಿತುಕೊಳ್ಳಲು ಜಾಗ ಕೊಟ್ಟಾಗ ಶತಪಥವೂ ಒತ್ತಡದ ಹಾರ್ಮೋನ್ ಕಾರ್ಟಿಸಾಲ್ ಕೂಡ ಇಳಿದಿದ್ದವು.

ಮೊದಲು ಶಟರನ್ನು ಮಧ್ಯಾಹ್ನದಿಂದಲೇ ತೆರೆದಿಟ್ಟು ನೋಡಿದೆವು. ಸಂಜೆಯ ಶತಪಥ ಬಹುಪಾಲು ನಿಂತಿತು. ಜತೆಗೆ ಚಿರತೆಯೂ ಕಾಣದಾಯಿತು, ಟಿಕೆಟ್ ಕೊಟ್ಟು ಬಂದವರ ದೂರು ಶುರುವಾಯಿತು. ನನ್ನ ಅಭಿಪ್ರಾಯದಲ್ಲಿ ಪ್ರಾಣಿ ಕಾಣದೇ ಇರುವುದೂ ಮೃಗಾಲಯದಲ್ಲಿ ಜನ ನೋಡಬೇಕಾದ ಸಂಗತಿಯೇ, ಆದರೆ ಅದನ್ನು ಕೌಂಟರಿನಲ್ಲಿ ಕೂತವರಿಗೆ ಹೇಳಿ ಪ್ರಯೋಜನವಿಲ್ಲ. ಕೊನೆಗೆ ಆವರಣದೊಳಗೇ ಬಿದಿರ ಮೆಳೆ ಬೆಳೆಸಿ, ಎತ್ತರದ ಅಟ್ಟಣೆಗೆ ಹಿಂಬದಿ ಮರೆ ಕಟ್ಟಿದೆವು. ಶಟರ್ ತೆರೆಯುವ ಹೊತ್ತನ್ನು ದಿನದಿಂದ ದಿನಕ್ಕೆ ಬದಲಿಸಿದೆವು. ಈಗ ವಿಡಿಯೊದಲ್ಲಿ 'ಕಾಣುತ್ತಿಲ್ಲ' ಜಾಸ್ತಿಯಾಗಿದೆ. ಅಟ್ಟಣೆಯ ಮೇಲೊಂದು ಕ್ಯಾಮೆರಾ ಇದ್ದರೆ ಅದು 'ಮಲಗಿದೆ' ಆಗುತ್ತದೆ.

ಇದನ್ನೆಲ್ಲ ಎಐ ಮಾಡುವುದಿಲ್ಲವೇ ಎಂದು ಕೇಳುತ್ತಾರೆ. 2018ರಲ್ಲಿ ಬಂದ ಡೀಪ್‌ಲ್ಯಾಬ್‌ಕಟ್‌ನಂಥ ಸಾಫ್ಟ್‌ವೇರ್‌ಗಳು ಮೂಗು, ಭುಜ, ಬಾಲದ ಬುಡ ಎಲ್ಲಿದೆ ಎಂದು ಫ್ರೇಮಿನಿಂದ ಫ್ರೇಮಿಗೆ ಹಿಡಿದುಕೊಡುತ್ತವೆ. ಎಲೆಗಳ ನೆರಳಿನಲ್ಲಿ ಚುಕ್ಕೆಯ ಚಿರತೆಯನ್ನು ಹಿಡಿಯುವುದು ಅವಕ್ಕೂ ಸುಲಭವಲ್ಲ, ಆದರೆ ಗುರುತು ಹಾಕುವ ಕೂಲಿ ಕೆಲಸ ತಪ್ಪುವುದಾದರೆ ಮೊದಲು ಸಂತೋಷಪಡುವವಳು ನಾನೇ. ಓಣಿಗೆ ಕ್ಯಾಮೆರಾ ಹಾಕು ಎಂದು ಮಾತ್ರ ಅವು ಹೇಳಲಾರವು.

ಸಂಜೆಯದು ಇಳಿದ ಮೇಲೆ ಬೆಳಗಿನ ಜಾವ ರಾತ್ರಿ ಕೋಣೆಯೊಳಗೆ ಒಂದು ಸಣ್ಣ ಶತಪಥ ಇರುವುದು ಎದ್ದು ಕಂಡಿತು. ಓಣಿಯಲ್ಲಿ ಆ ಹೊತ್ತಿಗೆ ಯಾರೂ ಇರುವುದಿಲ್ಲ. ಪಕ್ಕದ ಸಾಲಿನ ಯಾವುದೋ ಸದ್ದು ಎಂಬುದು ನನ್ನ ಊಹೆ. ನಮ್ಮ ಕ್ಯಾಮೆರಾಗಳಿಗೆ ಮೈಕ್ ಇಲ್ಲ. ಮೈಕ್ ಇರುವ ಒಂದೇ ಒಂದು ಕ್ಯಾಮೆರಾಗೆ ಬರೆದ ಫೈಲು ಈಗ ಮೂರನೆಯ ಮೇಜಿನ ಮೇಲಿದೆ.